ಪಕ್ಕದ ಮನೆ ಮೇಷ್ಟ್ರು ಹಂಚಿದ ಗುಣಗಳು

ಮೊನ್ನೆ ಪಾವಗಡದಲ್ಲಿ ಒಂದು ಮದುವೆ ಮುಗಿಸಿಕೊಂಡು ಮಧುಗಿರಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದವರೊಬ್ಬರು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಮುಚ್ಚಳವನ್ನು ಬೆರಳಿನಿಂದ ತಟ್ಟಿ, ಒಂದು ಚಿಟಿಕೆ ನಶ್ಯ ಮೂಗಿಗೇರಿಸಿದರು. ಕಿಟಕಿಯ ಗಾಳಿಗೆ ಆ ಘಾಟು ನೇರ ನನ್ನ ಮುಖಕ್ಕೆ ಬಡಿಯಿತು. ಸೀನು ಬರಲಿಲ್ಲ, ಸಿಟ್ಟು ಬಂತು. ಎದ್ದು ಹಿಂದಿನ ಸೀಟಿಗೆ ಹೋಗಿ ಕೂತೆ. "ಯಾಕಮ್ಮ, ಜಾಗ ಸಾಲ್ದಾ?" ಎಂದು ಅವರು ತಿರುಗಿ ಕೇಳಿದರು. ಪಾಪ, ಅವರದೇನೂ ತಪ್ಪಿರಲಿಲ್ಲ. ನಶ್ಯದ ವಾಸನೆ ಎಂದರೆ ನನಗೆ ಒಬ್ಬರೇ ಮನುಷ್ಯರು. ಅವರು ಮಧುಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೇಷ್ಟ್ರು. ಹೋದ ವರ್ಷ ತೀರಿಕೊಂಡರು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆ ಮಾತನ್ನು ನನಗೆ ಮೊದಲು ಹೇಳಿಕೊಟ್ಟವರೂ ಅವರೇ. ಹಾಗಾಗಿ ಅದನ್ನು ಪಾಲಿಸಲು ನನಗೆ ಮನಸ್ಸಿಲ್ಲ.

ನಮ್ಮದು ಕುರಿಯ ಜೊತೆ ಬದುಕಿದ ಮನೆತನ. ತಾತನ ಕಾಲದವರೆಗೆ ಮಂದೆ ಹೊಡೆದುಕೊಂಡು ಊರೂರು ತಿರುಗಿದವರು. ಅಪ್ಪ ಮಂದೆ ಬಿಟ್ಟು ಕುರಿ ವ್ಯಾಪಾರಕ್ಕೆ ಇಳಿದ. ಸಂತೆಯಲ್ಲಿ ಕೊಂಡು ಇನ್ನೊಂದು ಸಂತೆಯಲ್ಲಿ ಮಾರುವುದು. ಅದರಲ್ಲೇ ಮಧುಗಿರಿಯಲ್ಲಿ ಒಂದು ಸಣ್ಣ ಮನೆ ಮಾಡಿದ. ಬೆಟ್ಟದ ಬುಡದ ಆ ಬೀದಿಯಲ್ಲಿ ಓದು ಬರಹದವರೇ ಹೆಚ್ಚು. ಅಪ್ಪನ ಪಂಚೆಯಲ್ಲಿ ಕುರಿಯ ವಾಸನೆ ಇರುತ್ತಿತ್ತು, ಅವನ ಮಾತಿನಲ್ಲಿ ಹಳ್ಳಿ ಇತ್ತು. ಬೀದಿಯವರು ನಮ್ಮನ್ನು ಬೈಯಲಿಲ್ಲ, ಕರೆಯಲೂ ಇಲ್ಲ. ಕರೆದವರು ಮೇಷ್ಟ್ರು ಒಬ್ಬರೇ. ನಾವು ಬಂದ ವಾರವೇ ನಮ್ಮ ಜಗಲಿಗೆ ಬಂದು ಕೂತು, ಅಮ್ಮ ಕೊಟ್ಟ ಕಾಫಿಯನ್ನು ಎಲ್ಲರಿಗೂ ಕಾಣುವಂತೆ ಕುಡಿದರು. ಅಪ್ಪನಿಗೆ ಅಷ್ಟು ಸಾಕಾಯಿತು. ಅವತ್ತಿನಿಂದ ಮೇಷ್ಟ್ರು ಹೇಳಿದ್ದೇ ನಮ್ಮ ಮನೆಯಲ್ಲಿ ಕೊನೆಯ ಮಾತು.

ಅವರು ಒಳ್ಳೆಯದನ್ನು ಮಾಡಲಿಲ್ಲ ಎಂದು ನಾನು ಹೇಳುವುದಿಲ್ಲ. ನನಗೆ ಓದುವುದನ್ನು ಕಲಿಸಿದವರು ಅವರು. ಶಾಲೆಯಲ್ಲಿ ಅಕ್ಷರ ಕಲಿತಿದ್ದೆ, ನಿಜ. ಆದರೆ ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಯಾವ ಪದದ ಮೇಲೆ ಭಾರ ಹಾಕಬೇಕು ಎಂಬುದನ್ನು ಅವರ ಪಡಸಾಲೆಯ ಚಾಪೆಯ ಮೇಲೆ ಕೂತು ಕಲಿತೆ. ನಾನು ಇವತ್ತು ಕೊರಟಗೆರೆಯ ಶಾಲೆಯೊಂದರಲ್ಲಿ ಕನ್ನಡ ಪಾಠ ಮಾಡಿ ಅನ್ನ ತಿನ್ನುತ್ತಿರುವುದಕ್ಕೆ ಆ ಚಾಪೆ ಕಾರಣ. ಇದನ್ನು ಮುಚ್ಚಿಟ್ಟರೆ ಮುಂದೆ ಹೇಳುವುದೆಲ್ಲ ಸುಳ್ಳಾಗುತ್ತದೆ.

ಮೇಷ್ಟ್ರಿಗೆ ಗುಣಗಳ ಬಗ್ಗೆ ಮಾತಾಡುವುದೆಂದರೆ ಪ್ರಾಣ. ಮದುವೆಯಲ್ಲಿ, ತಿಥಿಯಲ್ಲಿ, ಗೃಹಪ್ರವೇಶದಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಅವರದೊಂದು ಭಾಷಣ ಇದ್ದೇ ಇರುತ್ತಿತ್ತು. ತಾಳ್ಮೆ, ವಿನಯ, ತ್ಯಾಗ, ಸಂತೃಪ್ತಿ... ಆ ಪದಗಳನ್ನು ಅವರು ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಂತೆ ನಿಧಾನವಾಗಿ ಆಡುತ್ತಿದ್ದರು. ಭಾಷಣ ಇಲ್ಲದ ದಿನ ಮನೆಮನೆಗೆ ಹಂಚುತ್ತಿದ್ದರು. ಅಪ್ಪನಿಗೆ "ಮರ್ಯಾದಸ್ಥ" ಎಂದರು. ಅವತ್ತಿನಿಂದ ಅಪ್ಪ ಯಾರ ಜೊತೆಯೂ ಜಗಳಕ್ಕೆ ನಿಲ್ಲಲಿಲ್ಲ, ಮೋಸ ಮಾಡಿದವರ ಜೊತೆಗೂ. ಅಮ್ಮನಿಗೆ "ತ್ಯಾಗಮಯಿ" ಎಂದರು. ಅಮ್ಮ ಹಬ್ಬಕ್ಕೆ ಸೀರೆ ಕೇಳುವುದನ್ನು ಬಿಟ್ಟಳು. ನನಗೆ ಸಿಕ್ಕಿದ್ದು "ವಿನಯ". ಯಾರಾದರೂ ಬಂದಾಗ ಮೇಷ್ಟ್ರು ನನ್ನ ತಲೆ ಸವರಿ, "ಎಷ್ಟು ಓದಿದರೂ ಈ ಮಗು ಎದುರು ಮಾತಾಡೋಲ್ಲ ನೋಡಿ" ಎನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಆಮೇಲೆ ಒಂದೊಂದೇ ಗಮನಕ್ಕೆ ಬರತೊಡಗಿತು. ಅವರ ಬಾಯಲ್ಲಿ ಮಾತಾಡದ ಹೆಂಗಸು ಗಂಭೀರೆ, ಮಾತಾಡದ ಬಡವ ವಿನಯವಂತ, ಮಾತಾಡದ ಶ್ರೀಮಂತ ದೊಡ್ಡ ಮನುಷ್ಯ. ಹೆಂಡತಿಗೆ ಹೊಡೆಯುವವನು "ಸ್ವಲ್ಪ ಮುಂಗೋಪಿ, ಮನಸ್ಸು ಮಾತ್ರ ಅಪರಂಜಿ". ಹೊಡೆಸಿಕೊಂಡು ಕೂಗಿದವಳು "ಬಾಯಾಳಿ". ಪದಗಳು ಎಲ್ಲರಿಗೂ ಒಂದೇ, ಆದರೆ ಯಾರಿಗೆ ಯಾವುದು ಎಂದು ತೀರ್ಮಾನ ಮಾಡುವವರು ಅವರು.

ನನ್ನ ಅಕ್ಕನೊಬ್ಬಳಿಗೆ ಮಾತ್ರ ಅವರಿಂದ ಯಾವ ಗುಣವೂ ಸಿಕ್ಕಿರಲಿಲ್ಲ. ಅವಳು ಅಪ್ಪನ ಜೊತೆ ಸಂತೆಗೆ ಹೋಗುತ್ತಿದ್ದಳು. ಕುರಿಯ ಬಾಯಿ ಬಿಡಿಸಿ ಹಲ್ಲು ನೋಡಿ, "ಇದು ಮುದಿ ಕಣಣ್ಣ, ಯಾರ್ಗೆ ಟೋಪಿ ಹಾಕ್ತೀಯ?" ಎಂದು ವ್ಯಾಪಾರಿಗಳ ಮುಖಕ್ಕೇ ಹೇಳುತ್ತಿದ್ದಳು. ಬೀದಿಯ ಈ ತುದಿಯಲ್ಲಿ ನಕ್ಕರೆ ಆ ತುದಿಗೆ ಕೇಳುತ್ತಿತ್ತು. ಮೇಷ್ಟ್ರು ಅವಳನ್ನು ಕಂಡರೆ ಮುಗುಳ್ನಕ್ಕು, "ಹೆಣ್ಣುಮಕ್ಕಳ ಮಾತು ತೂಕವಾಗಿರಬೇಕಮ್ಮ" ಎನ್ನುತ್ತಿದ್ದರು. ಅವಳು, "ತೂಕ ಮಾಡಿ ಮಾರೋದು ಕುರಿನ ಮೇಷ್ಟ್ರೇ" ಎಂದು ಹೇಳಿ ಓಡಿಬಿಡುತ್ತಿದ್ದಳು. ಅಪ್ಪ ಒಳಗೊಳಗೆ ನಗುತ್ತಿದ್ದ, ಮೇಲೆ ಮಾತ್ರ ಗದರುತ್ತಿದ್ದ.

ಅವಳಿಗೆ ಗಂಡು ತಂದವರೂ ಮೇಷ್ಟ್ರೇ. ಐ.ಡಿ.ಹಳ್ಳಿ ಕಡೆಯ ಕುಟುಂಬ. ಹೊಲ, ತೋಟ, ಟ್ರ್ಯಾಕ್ಟರು ಎಲ್ಲ ಇತ್ತು. ಹುಡುಗನ ಅಪ್ಪ ಮೇಷ್ಟ್ರ ಹಳೆಯ ಪರಿಚಯ. "ಗುಣವಂತ ಹುಡುಗ. ಇಂಥ ಸಂಬಂಧ ನಿಮಗೆ ಹುಡುಕಿಕೊಂಡು ಬಂದಿದೆ ಅಂದರೆ ಅದು ನಿನ್ನ ಮರ್ಯಾದೆಗೆ ಸಿಕ್ಕ ಬೆಲೆ ಕಣಪ್ಪ" ಎಂದು ಅಪ್ಪನಿಗೆ ಹೇಳಿದರು. ಮದುವೆಯಾಯಿತು. ಮಂಟಪದಲ್ಲೂ ಮೇಷ್ಟ್ರು ಮಾತಾಡಿದರು. ಹೆಣ್ಣು ಭೂಮಿಯಂತಿರಬೇಕು, ತುಳಿದರೂ ಬೆಳೆ ಕೊಡಬೇಕು ಎಂದರು. ಜನ ತಲೆದೂಗಿದರು. ಅಕ್ಕ ತಲೆ ತಗ್ಗಿಸಿಕೊಂಡು ನಗು ತಡೆಯುತ್ತಿದ್ದುದನ್ನು ನಾನು ನೋಡಿದೆ.

ಆಷಾಢ ಕಳೆದು ವಾಪಸು ಹೋದವಳು ದಸರೆಗೆ ಮೊದಲೇ ಒಂದು ಸಂಜೆ ಒಬ್ಬಳೇ ಬಂದಳು. ಕೆನ್ನೆ ಊದಿತ್ತು, ತುಟಿ ಒಡೆದಿತ್ತು. ಸಾರಿಗೆ ಉಪ್ಪು ಕಮ್ಮಿಯಾಯಿತು ಎಂದು ಶುರುವಾದದ್ದಂತೆ. ಇವಳು ತಿರುಗಿ ಒಂದು ಮಾತು ಆಡಿದ್ದಾಳೆ. ಭಾವ ಕೈಗೆ ಸಿಕ್ಕಿದ್ದರಲ್ಲಿ ಹೊಡೆದಿದ್ದಾನೆ. ಅತ್ತೆ, ಮಾವ ನೋಡುತ್ತಾ ನಿಂತಿದ್ದರಂತೆ. ಅಪ್ಪ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದ.

"ಇಲ್ಲೇ ಇರು ಮಗಾ. ಇನ್ನ ಆ ಕಡೀಕೆ ಹೋಗ್ಬ್ಯಾಡ ಬುಡು" ಎಂದ.

ಆ ಮಾತನ್ನು ಅಪ್ಪ ಆಡಿದ್ದ. ನಾನು ಸಾಕ್ಷಿ. ಆದರೆ ಮರುದಿನ ಬೆಳಿಗ್ಗೆ ಮೇಷ್ಟ್ರು ಬಂದರು. ಕುರ್ಚಿಯಲ್ಲಿ ಕೂತು, ಡಬ್ಬಿ ತಟ್ಟಿ ನಶ್ಯ ಏರಿಸಿ, ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು, ಅಕ್ಕನನ್ನು ಎದುರಿಗೆ ಕೂರಿಸಿಕೊಂಡರು. ಗದರಲಿಲ್ಲ. ಗದರಿದ್ದರೆ ಅವಳು ತಿರುಗಿ ಬೀಳುತ್ತಿದ್ದಳು. ಹೊಗಳಿದರು.

"ನಿನ್ನಲ್ಲಿ ಎಷ್ಟು ಸಹನೆ ಇದೆ ಅಂತ ನನಗೆ ಈಗ ಗೊತ್ತಾಯ್ತಮ್ಮ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಊರು ತುಂಬ ರಂಪ ಮಾಡಿರೋರು. ನೀನು ಬಾಯಿ ಮುಚ್ಚಿಕೊಂಡು ತಂದೆ ಮನೆಗೆ ಬಂದಿದ್ದೀಯ. ಅದು ಸಂಸ್ಕಾರ. ಭೂಮಿ ತೂಕದ ಹೆಣ್ಣು ನೀನು."

"ಮೇಷ್ಟ್ರೇ, ಅವ್ನು ದೊಣ್ಣೇಲಿ ಹೊಡ್ದ."

"ಗೊತ್ತು. ಸಿಟ್ಟು ಅವನ ದೌರ್ಬಲ್ಯ. ಸಹನೆ ನಿನ್ನ ಶಕ್ತಿ. ಯಾವುದು ದೊಡ್ಡದು, ನೀನೇ ಹೇಳು."

ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಮೇಷ್ಟ್ರ ಮುಖ ನೋಡಿದ. ಅವತ್ತು ಮಧ್ಯಾಹ್ನವೇ ಅವಳು ಹೊರಟಳು. ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟು, "ಇನ್ನೊಂದು ಸಲ ಏನಾದರೂ ಆದರೆ ಅಪ್ಪನ್ನ ನೋಯಿಸಬೇಡ, ಅವನಿಗೆ ಎದೆ ನೋವಿದೆ. ಸೀದಾ ನನ್ನ ಹತ್ತಿರ ಬಾ. ನಾನು ನೋಡಿಕೋತೀನಿ" ಎಂದರು. ಅಮ್ಮ ಕಣ್ಣೊರೆಸಿಕೊಂಡು ಅವರ ಕಾಲಿಗೆ ನಮಸ್ಕಾರ ಮಾಡಿದಳು. ಅಕ್ಕನಿಗೂ ಕೊನೆಗೆ ಒಂದು ಗುಣ ಸಿಕ್ಕಿತ್ತು.

ಅಕ್ಕ ಅವರು ಹೇಳಿದಂತೆಯೇ ಕೇಳಿದಳು. ಮುಂದಿನ ಸಲ ಸೀದಾ ಅವರ ಹತ್ತಿರವೇ ಹೋದಳು.

ಇದು ನಮಗೆ ಆವಾಗ ತಿಳಿಯಲಿಲ್ಲ. ತಿಂಗಳುಗಳ ಮೇಲೆ ಅಕ್ಕನ ಬಾಯಿಂದಲೇ ತಿಳಿದದ್ದು. ಅದೊಂದು ಮಧ್ಯಾಹ್ನ. ಅಪ್ಪ ಸಂತೆಗೆ ಹೋಗಿದ್ದ, ನಾನು ಕಾಲೇಜಿನಲ್ಲಿದ್ದೆ, ಅಮ್ಮ ಗೋಡೆಯ ಈಚೆ ಕಡೆ ರಾಗಿ ಕೇರುತ್ತಾ ಇದ್ದಳು. ಗೋಡೆಯ ಆಚೆ ಕಡೆ, ಮೇಷ್ಟ್ರ ಪಡಸಾಲೆಯಲ್ಲಿ, ಅದೇ ಚಾಪೆಯ ಮೇಲೆ ಅಕ್ಕ ಕೂತಿದ್ದಳು. ಎಡಗಿವಿಯಿಂದ ರಕ್ತ ಸೆರಗಿಗೆ ಇಳಿದಿತ್ತು. ಮೇಷ್ಟ್ರ ಮಗಳು ಆಗಿನ್ನೂ ಹೈಸ್ಕೂಲು. ಅವಳು ಒಂದು ಲೋಟ ನೀರು ತಂದುಕೊಟ್ಟಳಂತೆ. ಅಕ್ಕ, "ಕಿವೀಲಿ ಗುಂಯ್ ಅಂತೈತೆ ಮೇಷ್ಟ್ರೇ, ಆಸ್ಪತ್ರೆಗೆ ಕರ್ಕಂಡೋಗಿ" ಎಂದಳಂತೆ. ಆಸ್ಪತ್ರೆಗೆ ಹೋದರೆ ಪೊಲೀಸು ಕೇಸು ಎಂದಾಗುತ್ತದೆ, ಎರಡು ಮನೆಯ ಮಾನ ಬೀದಿಗೆ ಬರುತ್ತದೆ ಎಂದರು ಮೇಷ್ಟ್ರು. ಅಮ್ಮನನ್ನಾದರೂ ನೋಡಿ ಹೋಗುತ್ತೇನೆ ಎಂದಳು. "ಈ ಮುಖ ನೋಡಿದರೆ ನಿಮ್ಮಪ್ಪ ಉಳಿಯೋದಿಲ್ಲ. ಆ ಪಾಪ ಹೊತ್ತುಕೋತೀಯ?" ಎಂದರು. ತಮ್ಮ ಹೆಗಲ ಮೇಲಿನ ಟವೆಲನ್ನು ಅವಳ ತಲೆಗೆ, ಕಿವಿಗೆ ಸುತ್ತಿ, ಹಿಂದಿನ ಬಾಗಿಲಿನಿಂದ ಕರೆದುಕೊಂಡು ಹೋಗಿ, ತಾವೂ ಬಸ್ಸು ಹತ್ತಿ, ಗಂಡನ ಮನೆಯ ಬಾಗಿಲಲ್ಲಿ ಬಿಟ್ಟು ಬಂದರು. "ಮಗು ತಿಳೀದೆ ಬಂದುಬಿಟ್ಟಿತ್ತು" ಎಂದು ಅವರ ಹತ್ತಿರ ಹೇಳಿದರಂತೆ. ಅವರ ಮನೆಯಲ್ಲಿ ಊಟವನ್ನೂ ಮಾಡಿದರಂತೆ.

ಅವತ್ತು ಸಂಜೆ ಅವರು ನಮ್ಮ ಮನೆಗೆ ಬಂದದ್ದು ನನಗೆ ಚೆನ್ನಾಗಿ ನೆನಪಿದೆ. ಹೆಗಲ ಮೇಲೆ ಟವೆಲು ಇರಲಿಲ್ಲ. ಅಮ್ಮ ಕಾಫಿ ಕೊಟ್ಟಳು. ಕುಡಿದರು. "ನಿನ್ನ ದೊಡ್ಡ ಮಗಳು ಎಷ್ಟು ಬದಲಾಗಿದ್ದಾಳೆ ಗೊತ್ತೇನಮ್ಮ? ಊರವರೆಲ್ಲ ಹೊಗಳ್ತಾರೆ. ಒಂದು ಮಾತಿಲ್ಲ, ಒಂದು ದೂರಿಲ್ಲ. ಅಂಥ ಮಗಳನ್ನ ಹೆತ್ತ ನಿನ್ನ ಹೊಟ್ಟೆ ತಣ್ಣಗಿರಲಿ" ಎಂದರು. ಅಮ್ಮನ ಮುಖ ಅರಳಿತು. ಆ ರಾತ್ರಿ ಅವಳು ನೆಮ್ಮದಿಯಾಗಿ ಉಂಡಳು...

ಹೊಡೆದವನ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವನು ಮೃಗ, ಮೃಗದಂತೆ ನಡೆದುಕೊಂಡ. ಅವನು ತನ್ನ ಹೊಡೆತಕ್ಕೆ ಒಳ್ಳೆಯ ಹೆಸರೇನೂ ಇಟ್ಟಿರಲಿಲ್ಲ.

ಮೂರನೆಯ ಸಲ ಅಕ್ಕ ಯಾರನ್ನೂ ಕೇಳಲಿಲ್ಲ. ಬೆಳಿಗ್ಗೆ ಎಮ್ಮೆ ಕರೆದು, ಹಾಲು ಡೈರಿಗೆ ಹಾಕಿ, ಕ್ಯಾನನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದಳು. ಮಧುಗಿರಿ ಬಂತು. ಬಸ್ ಸ್ಟ್ಯಾಂಡಿನಿಂದ ನಮ್ಮ ಬೀದಿಗೆ ನಡೆದರೆ ಸ್ವಲ್ಪ ದೂರ. ಅವಳು ಮನೆಗೆ ಬರಲಿಲ್ಲ. ಎದುರಿಗೆ ನಿಂತಿದ್ದ ಶಿರಾ ಬಸ್ಸು ಹತ್ತಿಬಿಟ್ಟಳು. ಯಾಕೆ ಎಂದು ಆಮೇಲೆ ಕೇಳಿದ್ದಕ್ಕೆ, "ಮನೆಗೆ ಬಂದ್ರೆ ಪಕ್ಕದಾಗೆ ಮೇಷ್ಟ್ರು ಇರ್ತಾರಲ್ಲೇ. ಮತ್ತೆ ಹೊಗಳಿ ಕಳಿಸ್ಬುಡೋರು" ಎಂದಳು. ತವರಿನ ಬಾಗಿಲಿಗೆ ಬರಲು ನನ್ನ ಅಕ್ಕ ಹೆದರಿದಳು. ಹೊಡೆತಕ್ಕಲ್ಲ, ಹೊಗಳಿಕೆಗೆ.

ಶಿರಾದಲ್ಲಿ ಅಪ್ಪನ ಹತ್ತಿರ ಬಹಳ ವರ್ಷದಿಂದ ಕುರಿ ಕೊಳ್ಳುತ್ತಿದ್ದ ಒಬ್ಬ ವ್ಯಾಪಾರಿ ಇದ್ದರು. ಅವರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಹೋಗಿ ಅಕ್ಕ ಅವರ ಮನೆಯಲ್ಲಿ ರಂಜಾನಿನ ಶಾವಿಗೆ ತಿಂದಿದ್ದಳು. ಆ ನೆನಪಿನ ಮೇಲೆ ಮನೆ ಹುಡುಕಿಕೊಂಡು ಹೋದಳು. ಆ ತಾಯಿ ಬಾಗಿಲು ತೆಗೆದು ಅವಳನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದ್ದು ಒಂದೇ. "ಖಾನಾ ಆಯ್ತಾ ಬೇಟಿ?" ಆಮೇಲೆ ತಟ್ಟೆ ಹಾಕಿದರು. ಉಂಡ ಮೇಲೆ ಬುರ್ಖಾ ತೊಟ್ಟು, ಅವಳನ್ನು ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ದಾರಿಯಲ್ಲಿ ಅಪ್ಪನಿಗೆ ಫೋನು ಮಾಡಿ, "ಭಾಯಿ, ನಿಮ್ದು ಹುಡ್ಗಿ ನಮ್ ಮನೇಲಿ ಅದೆ. ವಾಪಸ್ ಕಳ್ಸು ಅಂದ್ರೆ ನಾನು ಕಳ್ಸಲ್ಲ. ನೋಡ್ಬೇಕು ಅಂದ್ರೆ ಬನ್ನಿ" ಎಂದರು.

ಕಿವಿಯ ತಮಟೆ ಒಡೆದು, ಒಳಗೆ ಕೀವಾಗಿ, ಎಲ್ಲ ಮುಗಿದಿತ್ತು. ಮೊದಲೇ ತೋರಿಸಿದ್ದರೆ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಅಪ್ಪ, ನಾನು ಶಿರಾ ತಲುಪಿದ ಮೇಲೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಕ್ಕ ಆ ಮಧ್ಯಾಹ್ನದ ಕತೆ ಹೇಳಿದಳು. ಅಪ್ಪ ಕೇಳಿಸಿಕೊಂಡ. ಮಧುಗಿರಿಗೆ ವಾಪಸು ಬಂದವನು ನಮ್ಮ ಮನೆಗೂ ಬಾರದೆ ಸೀದಾ ಮೇಷ್ಟ್ರ ಬಾಗಿಲಿಗೆ ಹೋದ. ನಾನು ಹಿಂದೆ ಓಡಿದೆ. ಅಪ್ಪ ಎಂದಿನಂತೆ ಚಪ್ಪಲಿ ಹೊರಗೆ ಬಿಟ್ಟು ಹೊಸಿಲ ಈಚೆಯೇ ನಿಂತ.

"ನನ್ ಮಗಳು ನಿಮ್ಮನೇಗೆ ಬಂದಿದ್ಲಾ ಮೇಷ್ಟ್ರೇ?"

"ಬಂದಿದ್ದಳು. ನಿನ್ನ ಒಳ್ಳೇದಕ್ಕೇ ಹೇಳಲಿಲ್ಲ ಕಣಪ್ಪ."

"ಗೋಡೆ ಪಕ್ಕ ಅವಳ ಅವ್ವ ಇದ್ಲಲ್ಲ ಸ್ವಾಮಿ."

ಮೇಷ್ಟ್ರು ಬಹಳ ಶಾಂತವಾಗಿ, "ಸಿಟ್ಟಿನಲ್ಲಿ ಇದ್ದೀಯ. ನಿನ್ನಂಥ ಮರ್ಯಾದಸ್ಥನಿಗೆ ಇದು ಶೋಭಿಸೋದಿಲ್ಲ. ನಾಳೆ ಮಾತಾಡೋಣ" ಎಂದರು.

ಅಪ್ಪ ಕೈ ಎತ್ತುತ್ತಾನೆ ಎಂದುಕೊಂಡೆ. ಎತ್ತಲಿ ಎಂದು ಬೇಡಿಕೊಂಡೆ. ಅವನು ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟ. ಆ ಒಂದು ಪದ ಅವನ ಕೈ ಕಟ್ಟಿಹಾಕಿತು. ಮುಂದೆ ಅವನು ಬದುಕಿದ್ದಷ್ಟು ದಿನವೂ ಆ ಮನೆಯ ಕಡೆ ತಿರುಗಿ ನೋಡಲಿಲ್ಲ. ನಮ್ಮಮ್ಮ ಮಾತ್ರ ಒಂದು ಬೆಳಿಗ್ಗೆ ಬೀದಿಯಲ್ಲಿ ನಿಂತು, ತ್ಯಾಗಮಯಿ ಎನಿಸಿಕೊಂಡಿದ್ದ ನಮ್ಮಮ್ಮ, ಮಣ್ಣು ಹಿಡಿದು ಆ ಬಾಗಿಲಿಗೆ ತೂರಿ ಶಾಪ ಹಾಕಿದಳು. ಬೀದಿಯವರೆಲ್ಲ ಅಮ್ಮನಿಗೇ ಬುದ್ಧಿ ಹೇಳಿದರು. ಅಂಥ ಸಾತ್ವಿಕರಿಗೆ ಹೀಗೆ ಅನ್ನಬಹುದೇ ಎಂದರು.

ಅಕ್ಕ ಗಂಡನ ಮನೆಗೆ ಮತ್ತೆ ಹೋಗಲಿಲ್ಲ. ಶಿರಾದಲ್ಲೇ ಆ ತಾಯಿಯ ಹತ್ತಿರ ಹೊಲಿಗೆ ಕಲಿತಳು.

ಇಷ್ಟಕ್ಕೆ ಮುಗಿದಿದ್ದರೆ, ಹಳೇ ಕಾಲದ ಮನುಷ್ಯರು, ಅವರಿಗೆ ತಿಳಿದದ್ದೇ ಅಷ್ಟು ಎಂದು ನಾನೂ ಸುಮ್ಮನಾಗುತ್ತಿದ್ದೆನೇನೋ. ಮುಗಿಯಲಿಲ್ಲ. ಕೆಲವು ವರ್ಷಗಳ ಮೇಲೆ ಮೇಷ್ಟ್ರ ಮಗಳ ಮದುವೆ ತುಮಕೂರಿನ ಕಡೆಗೆ ಆಯಿತು. ಗಂಡ ಒಂದು ದಿನ ಕೆನ್ನೆಗೆ ಹೊಡೆದನಂತೆ. ಅವಳು ಅಪ್ಪನಿಗೆ ಫೋನು ಮಾಡಿದಳು. ಮೇಷ್ಟ್ರು ಸಂಜೆಯೊಳಗೆ ಕಾರು ಮಾಡಿಕೊಂಡು ಹೋಗಿ ಮಗಳನ್ನು ಕರೆತಂದರು. ವಕೀಲರನ್ನು ಹಿಡಿದರು. ಸಂಧಾನಕ್ಕೆ ಬಂದ ಬೀಗರನ್ನು ಬಾಗಿಲಿನಿಂದಲೇ ಅಟ್ಟಿದರು. ಅವರು ಮಾಡಿದ್ದು ನೂರಕ್ಕೆ ನೂರು ಸರಿ. ಆ ಹುಡುಗಿಯ ಬಗ್ಗೆ ನನಗೆ ಅವತ್ತೂ ಇವತ್ತೂ ಕೆಟ್ಟ ಭಾವನೆ ಇಲ್ಲ. ಆದರೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಮೇಷ್ಟ್ರು ಹೇಳಿಕೊಂಡು ತಿರುಗಿದರು. "ನನ್ನ ಮಗಳು ಸ್ವಾಭಿಮಾನಿ. ಒಂದು ಏಟನ್ನೂ ಸಹಿಸೋಳಲ್ಲ."

ಸ್ವಾಭಿಮಾನ. ಅಷ್ಟು ವರ್ಷ ಅವರ ಮಾತು ಕೇಳಿದ್ದ ನಾನು ಆ ಪದವನ್ನು ಅವರ ಬಾಯಲ್ಲಿ ಯಾವ ಹೆಣ್ಣಿನ ಬಗ್ಗೆಯೂ ಕೇಳಿರಲಿಲ್ಲ. ಅದು ಅವರ ಹತ್ತಿರ ಇತ್ತು ಎಂದೇ ನನಗೆ ಗೊತ್ತಿರಲಿಲ್ಲ. ಹೊರಗಿನವರಿಗೆ ಹಂಚದೆ ಮನೆಯವರಿಗೆಂದು ಎತ್ತಿಟ್ಟಿದ್ದರು.

ನಾನು ಆಗ ಬಿ.ಎಡ್. ಮುಗಿಸಿದ್ದೆ. ಒಂದು ಭಾನುವಾರ ಅವರ ಪಡಸಾಲೆಗೆ ಹೋದೆ. ವರ್ಷಗಳ ಮೇಲೆ ಹೊಸಿಲು ದಾಟಿದ್ದು. ಅವರು ಪೇಪರು ಮಡಿಚಿ, ಸಂತೋಷದಿಂದಲೇ, "ಬಾಮ್ಮ, ಬಾ. ಕೂತ್ಕೋ" ಎಂದರು. ನಾನು ಕೂರಲಿಲ್ಲ.

"ಸಾರ್, ಒಂದು ಕೇಳ್ಬೇಕಿತ್ತು. ಸ್ವಾಭಿಮಾನ ಅನ್ನೋ ಪದ ನಮ್ಮಕ್ಕನಿಗೆ ಯಾಕೆ ಹೇಳಿಕೊಡ್ಲಿಲ್ಲ?"

ಅವರಿಗೆ ತಕ್ಷಣ ಅರ್ಥವಾಯಿತು. ಮುಖ ಕೆಂಪಾಗಲಿಲ್ಲ, ಕಣ್ಣು ತಗ್ಗಲಿಲ್ಲ. ತಿಳಿಯದ ಮಗುವಿಗೆ ಪಾಠ ಹೇಳುವ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು.

"ನನ್ನ ಮಗಳು ನಾಜೂಕಾಗಿ ಬೆಳೆದವಳು, ತಡೆಯೋ ಶಕ್ತಿ ಇಲ್ಲ. ನಿಮ್ಮ ಜನ ಹಾಗಲ್ಲಮ್ಮ. ಗಟ್ಟಿ ಜನ. ಬಿಸಿಲು, ಮಳೆ, ಏಟು ಎಲ್ಲ ತಡ್ಕೋತೀರ. ಅದು ನಿಮ್ಮ ದೊಡ್ಡ ಗುಣ. ನಾನು ಯಾವಾಗಲೂ ಮೆಚ್ಚಿಕೊಂಡಿದ್ದೀನಿ."

ಅವರು ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದ್ದರು. ಅದೇ ನನ್ನನ್ನು ಕೊಂದದ್ದು. ಜಗಲಿಯಲ್ಲಿ ಕೂತು ಕುಡಿದ ಕಾಫಿ, ತಲೆ ಸವರಿದ ಕೈ, ಎಲ್ಲದರ ಹಿಂದೆಯೂ ಇದೇ ಇತ್ತು. ನಾವು ಅವರಿಗೆ ಹೊರೆ ಹೊರುವ ಒಳ್ಳೆಯ ಪ್ರಾಣಿಗಳಾಗಿದ್ದೆವು. ಒಳ್ಳೆಯ ಪ್ರಾಣಿಯ ಬೆನ್ನು ತಟ್ಟುವಂತೆ ತಟ್ಟಿದ್ದರು.

"ನಮಗೂ ನೋವಾಗುತ್ತೆ ಸಾರ್" ಎಂದೆ. ಅದಕ್ಕಿಂತ ಒಳ್ಳೆಯ ಮಾತು ಅವತ್ತು ಸಿಗಲಿಲ್ಲ. ಒಳಬಾಗಿಲಲ್ಲಿ ಅವರ ಮಗಳು ನಿಂತಿದ್ದಳು. ನಾನು ಬಂದುಬಿಟ್ಟೆ. ಮತ್ತೆ ಅವರ ಜೊತೆ ಮಾತಾಡಲಿಲ್ಲ.

ಅಪ್ಪ ಹೋದ, ಅಮ್ಮ ನನ್ನ ಜೊತೆ ಕೊರಟಗೆರೆಗೆ ಬಂದಳು. ಹೋದ ವರ್ಷ ಮೇಷ್ಟ್ರು ತೀರಿಕೊಂಡಾಗ ಮಧುಗಿರಿ ಬಸ್ ಸ್ಟ್ಯಾಂಡಿನ ಎದುರು ಆಳೆತ್ತರದ ಫ್ಲೆಕ್ಸು ಕಟ್ಟಿದರು. "ಸದ್ಗುಣಗಳ ಸಾಗರ" ಎಂದು ಬರೆದಿತ್ತು. ಶ್ರದ್ಧಾಂಜಲಿ ಸಭೆಗೆ ಹಳೆಯ ಶಿಷ್ಯೆಯಾಗಿ ನಾನೂ ಮಾತಾಡಬೇಕೆಂದು ಸಭೆ ನಡೆಸುವವರು ಫೋನು ಮಾಡಿದರು. ಅವರೂ ಮೇಷ್ಟ್ರ ವಿದ್ಯಾರ್ಥಿಯೇ. ಬರುವುದಿಲ್ಲ ಎನ್ನಲು ಬಾಯಿ ತೆರೆದವಳು, ಬರುತ್ತೇನೆ ಎಂದೆ.

ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಒಂದೊಂದು ಗುಣ ಹೇಳಿದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು ಹೇಳಿದೆ: "ಇವರು ನನಗೆ ಓದಲು ಕಲಿಸಿದರು. ನಮ್ಮಕ್ಕ ಗಂಡನ ಕೈಲಿ ಏಟು ತಿಂದು, ಕಿವಿಯಲ್ಲಿ ರಕ್ತ ಸುರಿಸಿಕೊಂಡು ಇವರ ಮನೆಗೆ ಬಂದಾಗ, ಪಕ್ಕದ ಮನೆಯಲ್ಲಿದ್ದ ನಮ್ಮಮ್ಮನಿಗೂ ಹೇಳದೆ ಅವಳನ್ನು ಅದೇ ಮನೆಗೆ ವಾಪಸು ಬಿಟ್ಟು ಬಂದರು. ಅವಳಿಗೆ ಆ ಕಿವಿ ಕೇಳಿಸುವುದಿಲ್ಲ. ಎರಡೂ ಇವರೇ ಮಾಡಿದ್ದು. ಎರಡನ್ನೂ ನೆನಪಿಟ್ಟುಕೊಳ್ಳಿ."

ಸಭೆ ತಣ್ಣಗಾಯಿತು. ಈಗ ಯಾರಾದರೂ ನನ್ನನ್ನು ಬೈಯಬಹುದು, ಹೊರಗೆ ಹೋಗು ಎನ್ನಬಹುದು ಎಂದುಕೊಂಡು ನಿಂತೆ. ಅದಕ್ಕೆ ಸಿದ್ಧವಾಗಿಯೇ ಬಂದಿದ್ದೆ. ಸಭೆ ನಡೆಸುತ್ತಿದ್ದವರು ಎದ್ದು ಬಂದು ಮೈಕು ತೆಗೆದುಕೊಂಡರು. ಗಂಟಲು ಸರಿಮಾಡಿಕೊಂಡು, "ನೋಡಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಈ ನೇರ ನುಡಿಯ ಗುಣವನ್ನು ನಮಗೆಲ್ಲ ಕಲಿಸಿದವರೂ ನಮ್ಮ ಮೇಷ್ಟ್ರೇ" ಎಂದರು. ಜನಕ್ಕೆ ಉಸಿರು ಬಂದಂತಾಯಿತು. ಚಪ್ಪಾಳೆ ತಟ್ಟಿದರು. ಜೋರಾಗಿಯೇ ತಟ್ಟಿದರು.

ನಾನು ಚಪ್ಪಲಿ ಹುಡುಕುತ್ತಿದ್ದಾಗ ಮೇಷ್ಟ್ರ ಮಗಳು ಹಿಂದೆಯೇ ಬಂದಳು. ಕೂದಲು ಅಲ್ಲಲ್ಲಿ ನೆರೆತಿತ್ತು. "ಅವತ್ತು ನೀರು ಕೊಟ್ಟಿದ್ದು ನಾನೇ" ಎಂದಳು. "ಗೊತ್ತು" ಎಂದೆ. "ಅಪ್ಪ ಯಾರಿಗೂ ಹೇಳಬೇಡ ಅಂದಿದ್ದರು. ಆವಾಗ ನನಗೆ..." ಎಂದು ನಿಲ್ಲಿಸಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮರುದಿನ ಶಿರಾಕ್ಕೆ ಹೋದೆ. ಅಕ್ಕನದು ಈಗ ಸ್ವಂತ ಹೊಲಿಗೆ ಅಂಗಡಿ. ಆ ತಾಯಿ ಮುದುಕಿಯಾಗಿದ್ದಾರೆ. ಅಂಗಡಿಯ ಮೂಲೆಯಲ್ಲಿ ಕೂತು ರವಿಕೆಗೆ ಕೊಕ್ಕೆ ಹಾಕುತ್ತಾರೆ. ಅಕ್ಕ ಮೆಷಿನ್ನಿನ ಮುಂದೆ ಇದ್ದಳು. ನಾನು ಪಕ್ಕದಲ್ಲಿ ಕೂತು, ಮೇಷ್ಟ್ರು ಹೋದರು ಎಂದೆ. ಅವಳು ಹೊಲಿಯುತ್ತಲೇ ಇದ್ದಳು. ಕೂತದ್ದು ಅವಳ ಎಡಕ್ಕೆ. ಎದ್ದು ಬಲಕ್ಕೆ ಬಂದು ಇನ್ನೊಂದು ಸಲ ಹೇಳಿದೆ. ಮೆಷಿನ್ನು ನಿಂತಿತು.

"ಯಾವಾಗ?"

ಹೇಳಿದೆ. ಸಭೆಯ ಕತೆಯನ್ನೂ ಹೇಳಿದೆ, ಚಪ್ಪಾಳೆಯವರೆಗೂ. ಅವಳು ನಗಲಿಲ್ಲ. ಬಟ್ಟೆಯ ಅಂಚನ್ನು ಬೆರಳಲ್ಲಿ ನೀವುತ್ತಾ ಕೇಳಿದಳು.

"ಕೊನೇಗೆ ನನ್ ವಿಷ್ಯ ಏನಾದ್ರು ಅಂದಿದ್ರಂತಾ? ಅವ್ರ ಮಗಳ ತಾವ ಏನಾದ್ರು?"

"ಇಲ್ಲ ಕಣಕ್ಕ."

"ಅಂತಾರೆ ಅಂತ ಇದ್ದೆ" ಎಂದಳು. "ವರ್ಷಕ್ಕೊಂದ್ಸಲ ಆದ್ರೂ ಅನ್ಕಳ್ತಿದ್ದೆ, ಈ ಬಾಗ್ಲಿಗೆ ಬತ್ತಾರೆ, ತಪ್ಪಾಯ್ತು ಕಣಮ್ಮ ಅಂತಾರೆ ಅಂತ. ಮಧುಗಿರಿಯಿಂದ ಶಿರಾ ಏನ್ ದೂರ ಹೇಳು."

ಇಷ್ಟು ವರ್ಷ ಅವಳು ಅದನ್ನೆಲ್ಲ ಮರೆತು ತನ್ನ ಪಾಡಿಗೆ ತಾನು ಬದುಕುತ್ತಿದ್ದಾಳೆ, ಸಿಟ್ಟು ಹೊತ್ತು ತಿರುಗುತ್ತಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಅವಳು ಬಾಗಿಲು ನೋಡುತ್ತಾ ಕಾದಿದ್ದಳು. ಇನ್ನು ಬರುವವರು ಯಾರೂ ಇಲ್ಲ. ಆ ಒಂದು ಮಾತನ್ನು ಹೇಳಬೇಕಾಗಿದ್ದ ಬಾಯಿ ಬೂದಿಯಾಗಿ ಹೋಗಿತ್ತು. ಬೇರೆ ಯಾರು ಹೇಳಿದರೂ ಅದು ಆ ಮಾತಾಗುವುದಿಲ್ಲ.

ಮೂಲೆಯಲ್ಲಿದ್ದ ತಾಯಿ ನಮ್ಮ ಕಡೆ ನೋಡಿ, ಮತ್ತೆ ಕೊಕ್ಕೆಯ ಕಡೆ ತಿರುಗಿದರು. ಅಕ್ಕ ಸೂಜಿಗೆ ದಾರ ಪೋಣಿಸಿ, ಮೆಷಿನ್ನಿನ ಚಕ್ರಕ್ಕೆ ಕೈಯಿಟ್ಟವಳು ನಿಲ್ಲಿಸಿ ನನ್ನನ್ನು ನೋಡಿದಳು.

"ಒಂದು ಹೇಳ್ತೀನಿ ಕೇಳು. ನಾಳೆ ಎಲ್ಲಾದ್ರು ನನ್ ಮಾತು ಬಂದ್ರೆ, ಅಕ್ಕ ಎಲ್ಲಾನೂ ಕ್ಷಮಿಸ್ಬುಟ್ಟವಳೆ ಅಂತ ಮಾತ್ರ ಹೇಳ್ಬುಟ್ಟೀಯ. ಆ ಜನ ಅದಕ್ಕೂ ಒಂದು ಹೆಸರಿಟ್ಟು ಚಪ್ಪಾಳೆ ತಟ್ಟೋರೆ. ನಾನು ಕ್ಷಮಿಸಿಲ್ಲ ಕಣೆ."

"ಹೇಳಲ್ಲ ಬುಡಕ್ಕ" ಎಂದೆ. ಆದರೆ ಮೆಷಿನ್ನು ಆಗಲೇ ಶುರುವಾಗಿತ್ತು. ನಾನು ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ...